ಸಾವನದುರ್ಗದಲ್ಲಿ ಕೂತ ಅಜ್ಜಿ

ಮಾಗಡಿ ಕಡೆಯವರಿಗೆ ಸಾವನದುರ್ಗ ಅಂದರೆ ಮನೆಯಿಂದ ಹೊರಗೆ ಬಂದರೆ ಕಾಣುವ ಬೆಟ್ಟ. ಇಡೀ ಬೆಟ್ಟವೇ ಒಂದು ಬಂಡೆ. ಒಂದು ಕಡೆ ಕರಿಗುಡ್ಡ, ಇನ್ನೊಂದು ಕಡೆ ಬಿಳಿಗುಡ್ಡ. ಬುಡದಲ್ಲಿ ವೀರಭದ್ರಸ್ವಾಮಿ ಗುಡಿ, ಅಲ್ಲೇ ಸ್ವಲ್ಪ ದೂರದಲ್ಲಿ ನರಸಿಂಹಸ್ವಾಮಿ. ನನ್ನ ಸೋದರಮಾವನ ಊರು ಅಲ್ಲಿಂದ ದೂರವೇನಿಲ್ಲ. ಚಿಕ್ಕವನಿದ್ದಾಗ ರಜೆಗೆ ಹೋದರೆ ಮಾವ ಬೆಟ್ಟ ತೋರಿಸಿ ಒಂದು ಮಾತು ಹೇಳುತ್ತಿದ್ದರು. "ಇಂಗ್ಲಿಷ್‌ನೋರು ಬಂದು ಅಲ್ಲಿ ಪಿಕ್ಚರ್ ತೆಗೆದ್ರು ಕಣಪ್ಪ. ಬಂಡೇಲಿ ತೂತು ಕೊರೆಸಿದ್ರು." ಯಾವ ಪಿಕ್ಚರ್, ಅದರಲ್ಲಿ ಯಾರಿದ್ದರು ಅಂತ ಅವರಿಗೆ ಗೊತ್ತಿರಲಿಲ್ಲ. ಕೇಳಬೇಕು ಅಂತ ನನಗೂ ಅನ್ನಿಸಿರಲಿಲ್ಲ.

ಅದು ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' ಅಂತ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಹೋದ ವರ್ಷ ಮಾವನ ಮನೆಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೋರಿಸಿದೆ. ಮಾವ ರೇಷ್ಮೆ ಬೆಳೆಗಾರರು. ಹುಳುಗಳಿಗೆ ರಾತ್ರಿ ಸೊಪ್ಪು ಹಾಕಿ, ಕೈ ತೊಳೆದುಕೊಂಡು ಬಂದು ಕೂತರು. ಮೊದಲ ಒಂದು ಗಂಟೆ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಮಾತೆಲ್ಲ ಇಂಗ್ಲಿಷು. ನಾನು ನಡುನಡುವೆ ಕನ್ನಡದಲ್ಲಿ ಹೇಳಬೇಕಿತ್ತು. ಆನೆ ಬಂಡೆಯ ಕಡೆ ಹೆಜ್ಜೆ ಹಾಕಲು ಶುರುಮಾಡಿದಾಗ ಮಾತ್ರ ಮುಂದಕ್ಕೆ ಬಾಗಿದರು. "ಅದೇ ಕಣಪ್ಪ, ಅದೇ ಕಲ್ಲು" ಅಂದರು.

ಆಮೇಲೆ ಗುಹೆಯ ದೃಶ್ಯ ಬಂತು. ಮಿಸೆಸ್ ಮೂರ್ ಎಂಬ ವಯಸ್ಸಾದ ಇಂಗ್ಲಿಷ್ ಹೆಂಗಸು ಜನರ ಜೊತೆ ಗುಹೆಯೊಳಗೆ ಹೋಗುತ್ತಾರೆ. ಒಳಗೆ ಕತ್ತಲೆ, ನೂಕುನುಗ್ಗಲು. ಕೂಗಿದ ಕೂಗು ಗೋಡೆಗೆ ಬಡಿದು ದೊಡ್ಡದಾಗಿ ವಾಪಸ್ ಬರುತ್ತದೆ. ಅವರಿಗೆ ಉಸಿರು ಕಟ್ಟಿದಂತಾಗಿ ಹೊರಗೆ ಬರುತ್ತಾರೆ. ಬಂಡೆಯ ಬುಡದಲ್ಲಿ ಒಂದು ಕುರ್ಚಿ. ಅದರಲ್ಲಿ ಕೂರುತ್ತಾರೆ. ಜೊತೆಗೆ ಬಂದ ಹುಡುಗಿಗೂ ಅವರನ್ನು ಕರೆತಂದ ಭಾರತೀಯ ಡಾಕ್ಟರ್ ಅಜೀಜ್‌ಗೂ, ನೀವಿಬ್ಬರೂ ಮುಂದೆ ಹೋಗಿ, ನಾನು ಇಲ್ಲೇ ಇರುತ್ತೇನೆ ಅನ್ನುತ್ತಾರೆ. ಅಷ್ಟೇ. ಅವರು ಅಲ್ಲಿ ಬೇರೆ ಏನೂ ಮಾಡುವುದಿಲ್ಲ. ಕಥೆಯ ದೊಡ್ಡ ಗಂಡಾಂತರವೆಲ್ಲ ಆಮೇಲೆ, ಮೇಲಿನ ಗುಹೆಯಲ್ಲಿ, ಇವರ ಕಣ್ಣಿಗೆ ಕಾಣದ ಜಾಗದಲ್ಲಿ ನಡೆಯುತ್ತದೆ.

ಮಾವ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. "ಯಾರಪ್ಪ ಈ ಅಜ್ಜಿ? ಸುಮ್ನೆ ಕೂತವ್ರೆ. ಆದ್ರೂ ಅವ್ರನ್ನೇ ನೋಡ್ಬೇಕು ಅನ್ಸುತ್ತೆ."

ಇಂಗ್ಲೆಂಡಿನ ದೊಡ್ಡ ನಾಟಕದ ನಟಿ, ಹೆಸರು ಪೆಗ್ಗಿ ಆ್ಯಶ್‌ಕ್ರಾಫ್ಟ್ ಅಂತ ಹೇಳಿ ನಾನು ಸುಮ್ಮನಾದೆ. ಆದರೆ ಮಾವನ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಸುಮ್ಮನೆ ಕೂತಿದ್ದರೂ ನೋಡಬೇಕು ಅನ್ನಿಸುವುದು ಎಲ್ಲಿಂದ ಬರುತ್ತದೆ? ಆಕೆಗೆ ಆ ಕುರ್ಚಿಯಲ್ಲಿ ಹಾಗೆ ಕೂರಲು ಎಷ್ಟು ವರ್ಷ ಬೇಕಾಯಿತು? ಅದನ್ನೇ ಹುಡುಕಿಕೊಂಡು ಹೋದೆ.

ಪೆಗ್ಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಆಗ ಮಗಳಿಗೆ ಹತ್ತು ವರ್ಷ. ಅಮ್ಮನಿಗೆ ನಾಟಕದ ಹುಚ್ಚಿತ್ತು, ಎಲ್ಸಿ ಫೋಗರ್ಟಿ ಎಂಬ ಗುರುವಿನ ಹತ್ತಿರ ಮಾತು ಕಲಿತಿದ್ದರು. ಮಗಳೂ ಅದೇ ಗುರುವಿನ ಶಾಲೆ ಸೇರಿದಳು. ಲಾರೆನ್ಸ್ ಒಲಿವಿಯೇ ಅದೇ ಶಾಲೆಯಲ್ಲಿ ಅದೇ ಕಾಲದ ಹುಡುಗ. 1926ರಲ್ಲಿ ಪೆಗ್ಗಿ ಬರ್ಮಿಂಗ್‌ಹ್ಯಾಮ್‌ನ ರೆಪರ್ಟರಿ ಥಿಯೇಟರ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂದರು. ಎದುರಿಗೆ ರಾಲ್ಫ್ ರಿಚರ್ಡ್‌ಸನ್. ಆ ಕಾಲದ ಇಂಗ್ಲಿಷ್ ರಂಗಭೂಮಿಯಲ್ಲಿ ಯಾವ ಹೆಸರನ್ನು ಎಳೆದರೂ ಇನ್ನೊಂದು ಹೆಸರು ಜೊತೆಗೇ ಬರುತ್ತದೆ. ಗೀಲ್‌ಗುಡ್, ಒಲಿವಿಯೇ, ರಿಚರ್ಡ್‌ಸನ್, ಈಡಿತ್ ಎವನ್ಸ್, ಪೆಗ್ಗಿ. ಎಲ್ಲರೂ ಒಬ್ಬರಿಗೊಬ್ಬರು ಪಾತ್ರ ಕಟ್ಟಿಕೊಂಡು ಬೆಳೆದವರು.

1930ರ ಒಂದು ನಾಟಕದ ಹತ್ತಿರ ನಾನು ಸ್ವಲ್ಪ ನಿಲ್ಲಬೇಕು.

ಲಂಡನ್ನಿನ ಸವಾಯ್ ಥಿಯೇಟರ್. ನಾಟಕ 'ಒಥೆಲೋ'. ಪೆಗ್ಗಿಗೆ 22 ವರ್ಷ, ಡೆಸ್ಡಿಮೋನಾ ಪಾತ್ರ. ಒಥೆಲೋ ಆಗಿ ನಿಂತವರು ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಇವತ್ತಿಗೆ ಇದು ಸಹಜ ಅನ್ನಿಸುತ್ತದೆ, ಅಲ್ವಾ? ಆಗ ಹಾಗಿರಲಿಲ್ಲ. ಹಿಂದಿನ ಶತಮಾನದ ಐರಾ ಆಲ್ಡ್ರಿಜ್ ಅಂಥ ಕಪ್ಪು ನಟರನ್ನು ಬಿಟ್ಟರೆ, ಇಂಗ್ಲೆಂಡಿನ ದೊಡ್ಡ ರಂಗಮಂದಿರಗಳಲ್ಲಿ ಒಥೆಲೋ ಅಂದರೆ ಬಿಳಿಯ ನಟನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು ಬರುವುದು ಎಂದೇ ರೂಢಿ. ರೋಬ್ಸನ್ ಬಣ್ಣ ಬಳಿದುಕೊಳ್ಳಬೇಕಾಗಿರಲಿಲ್ಲ. ಅವರು ಬಿಳಿಯ ಹುಡುಗಿಯೊಬ್ಬಳಿಗೆ ರಂಗದ ಮೇಲೆ ಮುತ್ತು ಕೊಟ್ಟರು. ಪೆಗ್ಗಿಗೆ ಬೈಗುಳದ ಪತ್ರಗಳು ಬಂದವು. ಅದರ ಹಿಂದಿನ ವರ್ಷವಷ್ಟೇ ಥಿಯೇಟರ್ ಪಕ್ಕದ ಅದೇ ಹೆಸರಿನ ಹೋಟೆಲಿನ ಊಟದ ಕೋಣೆಗೆ ರೋಬ್ಸನ್‌ರನ್ನು ಬಿಟ್ಟುಕೊಂಡಿರಲಿಲ್ಲ. ಸಂಜೆ ಸಾವಿರ ಜನ ಚಪ್ಪಾಳೆ ತಟ್ಟುವ ಮನುಷ್ಯನಿಗೆ ಪಕ್ಕದ ಬಾಗಿಲು ಮುಚ್ಚಿದೆ. ಬಣ್ಣದ ಮೇಲಿನ ದ್ವೇಷ ಎಂದರೆ ಏನು ಅಂತ ತಮಗೆ ಕಣ್ಣೆದುರು ಕಂಡದ್ದು ಆ ನಾಟಕದಲ್ಲೇ ಎಂದು ಪೆಗ್ಗಿ ಮುಂದೆ ಹೇಳಿಕೊಂಡಿದ್ದಾರೆ. ಬದುಕಿನ ಕೊನೆವರೆಗೂ ಅವರು ಅನ್ಯಾಯದ ವಿರುದ್ಧ, ಅಣ್ವಸ್ತ್ರದ ವಿರುದ್ಧ ನಿಂತವರ ಸಾಲಿನಲ್ಲೇ ಇದ್ದರು. ಅದರ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ.

ಈ ನಾಟಕದ ಪೆಗ್ಗಿಯನ್ನು ಇವತ್ತು ನೋಡೋಣ ಅಂದರೆ ಏನು ಸಿಗುತ್ತದೆ? ಕೆಲವು ಫೋಟೋಗಳು. ಅಷ್ಟೇ.

ಇದೇ ನನ್ನನ್ನು ಕಾಡುವ ವಿಷಯ. ಅವರ ಕೆಲಸದ ದೊಡ್ಡ ಭಾಗ ಯಾರಿಗೂ ಮತ್ತೆ ನೋಡಲಾಗದ್ದು. 1935ರಲ್ಲಿ ಲಂಡನ್ನಿನ ನ್ಯೂ ಥಿಯೇಟರ್‌ನಲ್ಲಿ 'ರೋಮಿಯೋ ಅಂಡ್ ಜೂಲಿಯೆಟ್' ಆಡಿದರು. ನಿರ್ದೇಶನ ಗೀಲ್‌ಗುಡ್. ಗೀಲ್‌ಗುಡ್ ಮತ್ತು ಒಲಿವಿಯೇ ಇಬ್ಬರೂ ರೋಮಿಯೋ ಮತ್ತು ಮರ್ಕ್ಯುಷಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಒಬ್ಬ ರೋಮಿಯೋ ಪದ್ಯವನ್ನು ಹಾಡಿನ ಹಾಗೆ ನುಡಿಯುವವನು, ಇನ್ನೊಬ್ಬ ರೋಮಿಯೋ ಬಿಸಿ ರಕ್ತದ ಹುಡುಗ. ಜನ ಇಬ್ಬರಲ್ಲಿ ಯಾರು ಮೇಲು ಅಂತ ಜಗಳ ಆಡಿದರು, ಇವತ್ತಿಗೂ ಪುಸ್ತಕಗಳಲ್ಲಿ ಅದೇ ಚರ್ಚೆ. ಆದರೆ ಜೂಲಿಯೆಟ್ ಒಬ್ಬಳೇ! ಇಬ್ಬರು ಬೇರೆ ಬೇರೆ ರೋಮಿಯೋಗಳಿಗೆ ಒಬ್ಬಳೇ ಜೂಲಿಯೆಟ್ ಉತ್ತರ ಕೊಡಬೇಕು. ಎದುರಿಗಿರುವವನು ಬದಲಾದರೆ ಅದೇ ಮಾತು ಬೇರೆ ಥರ ಹೊರಡಬೇಕು. ಅದಕ್ಕೆ ಬರೀ ಮಾತು ಬಾಯಿಪಾಠ ಬಂದರೆ ಸಾಲದು. ಎದುರಿನವನ ಮಾತನ್ನು ಪ್ರತಿ ರಾತ್ರಿ ಹೊಸದಾಗಿ ಕೇಳಿಸಿಕೊಳ್ಳಬೇಕು. ಆ ನಾಟಕ ನೂರೆಂಬತ್ತಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಸಾವನದುರ್ಗದ ಕುರ್ಚಿಯಲ್ಲಿ ಕೂತ ಅಜ್ಜಿಯ ಕಿವಿ ತಯಾರಾದದ್ದು ಅಂಥ ರಾತ್ರಿಗಳಲ್ಲಿ ಅಂತ ನಾನು ನಂಬಿದ್ದೇನೆ.

ಆ ವಯಸ್ಸಿನ ಪೆಗ್ಗಿಯನ್ನು ನೋಡಬೇಕು ಅಂದರೆ ಒಂದು ದಾರಿ ಇದೆ. ಅದೇ 1935ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ 'ದಿ 39 ಸ್ಟೆಪ್ಸ್' ತೆಗೆದರು. ಅದರಲ್ಲಿ ಪೆಗ್ಗಿಯದು ಕೆಲವೇ ನಿಮಿಷಗಳ ಪಾತ್ರ. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ನಾಯಕ ಸ್ಕಾಟ್ಲೆಂಡಿನ ಬಯಲಲ್ಲಿ ಒಂದು ಬಡ ರೈತನ ಮನೆಗೆ ಬರುತ್ತಾನೆ. ರೈತನಿಗೆ ವಯಸ್ಸಾಗಿದೆ. ದೇವರ ಹೆಸರು ಜಾಸ್ತಿ, ಕರುಣೆ ಕಡಿಮೆ. ಹೆಂಡತಿ ಚಿಕ್ಕವಳು, ಗ್ಲಾಸ್ಗೋ ಪಟ್ಟಣದವಳು. ಗಂಡ ಹೊರಗೆ ಹೋದ ಐದು ನಿಮಿಷದಲ್ಲಿ ಅವಳು ಅಪರಿಚಿತನ ಹತ್ತಿರ ಪಟ್ಟಣದ ಬಗ್ಗೆ ಕೇಳುತ್ತಾಳೆ. ಶನಿವಾರ ರಾತ್ರಿಯ ಅಂಗಡಿ ಬೀದಿ, ಟ್ರಾಮು, ದೀಪಗಳನ್ನು ನೆನಪು ಮಾಡಿಕೊಳ್ಳುತ್ತಾಳೆ. ಲಂಡನ್ ಹೆಂಗಸರು ಕಾಲಿನ ಉಗುರಿಗೆ ಬಣ್ಣ ಹಚ್ಚುತ್ತಾರಂತೆ, ನಿಜವಾ ಅಂತ ಕೇಳುತ್ತಾಳೆ.

ಆ ಪ್ರಶ್ನೆ ಕೇಳುವಾಗ ಅವಳ ಮುಖ ನೋಡಿ. ಅದರಲ್ಲಿ ಆಸೆ ಇದೆ, ನಾಚಿಕೆ ಇದೆ. ಇದನ್ನು ಕೇಳಲು ಇನ್ನೊಂದು ಸಂದರ್ಭ ತನಗೆ ಸಿಗುವುದಿಲ್ಲ ಅನ್ನುವ ಅವಸರವೂ ಇದೆ. ರಾತ್ರಿ ಪೊಲೀಸರು ಬಂದಾಗ ಗಂಡನ ಕಪ್ಪು ಕೋಟನ್ನೇ ಅವನಿಗೆ ಕೊಟ್ಟು ಕಳಿಸುತ್ತಾಳೆ. ಗಂಡ ಹೊಡೆಯುತ್ತಾನಾ ಅಂತ ಅವನು ಕೇಳಿದರೆ ಇಲ್ಲ ಅನ್ನುತ್ತಾಳೆ. ಆಮೇಲೆ ಗಂಡ ಕೋಟು ಎಲ್ಲಿ ಅಂತ ಕೇಳುತ್ತಾನೆ. ಅವಳು ಕೊಟ್ಟೆ ಅನ್ನುತ್ತಾಳೆ. ಏಟು ಬೀಳುತ್ತದೆ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾ ಗೀತೆಗಳ ಪುಸ್ತಕವೇ ಮುಂದೆ ಗುಂಡು ತಡೆದು ನಾಯಕನ ಜೀವ ಉಳಿಸುತ್ತದೆ. ಸಿನಿಮಾ ಮುಂದಕ್ಕೆ ಓಡುತ್ತದೆ, ಅವಳು ಮತ್ತೆ ಬರುವುದೇ ಇಲ್ಲ. ನಾನು ಮಾತ್ರ ಆ ಮನೆಯಲ್ಲೇ ಉಳಿದುಕೊಂಡೆ. ಎಷ್ಟು ಸಲ ನೋಡಿದರೂ ಅಲ್ಲಿಂದ ಮುಂದೆ ಹೋಗುವುದು ನನಗೆ ಕಷ್ಟ.

ಅಷ್ಟು ಚೆನ್ನಾಗಿ ಕ್ಯಾಮೆರಾ ಮುಂದೆ ನಿಲ್ಲಬಲ್ಲವರು ಸಿನಿಮಾಕ್ಕೆ ಯಾಕೆ ಹೋಗಲಿಲ್ಲ? ಜೊತೆಗಾರ ಒಲಿವಿಯೇ ಹಾಲಿವುಡ್‌ಗೆ ಹೋಗಿ ದೊಡ್ಡ ತಾರೆಯಾದರು. ಪೆಗ್ಗಿಗೆ ಬೇಕಾದದ್ದು ಬೇರೆ. ಅವರಿಗೆ ತಂಡ ಬೇಕಿತ್ತು. ಒಂದೇ ಗುಂಪಿನ ನಟರು ವರ್ಷಗಟ್ಟಲೆ ಜೊತೆಯಲ್ಲಿದ್ದು ಒಂದಾದ ಮೇಲೆ ಒಂದು ನಾಟಕ ಕಟ್ಟಬೇಕು, ಇವತ್ತು ರಾಣಿಯಾದವಳು ನಾಳೆ ಸಣ್ಣ ಪಾತ್ರಕ್ಕೂ ಸಿದ್ಧ ಇರಬೇಕು. ಇದು ಅವರ ಜೀವನದ ಹಂಬಲ. ಆಗಿನ ಲಂಡನ್ನಿನಲ್ಲಿ ಅದು ಸುಲಭವಿರಲಿಲ್ಲ. ಒಂದು ನಾಟಕ ಓಡುವಷ್ಟು ದಿನ ಓಡಿ ನಿಂತರೆ ನಟರೆಲ್ಲ ಚದುರುತ್ತಿದ್ದರು. 1937-38ರಲ್ಲಿ ಗೀಲ್‌ಗುಡ್ ಕ್ವೀನ್ಸ್ ಥಿಯೇಟರ್‌ನಲ್ಲಿ ಒಂದು ತಂಡ ಕಟ್ಟಿ ನಾಲ್ಕು ನಾಟಕ ಮಾಡಿದಾಗ ಪೆಗ್ಗಿ ನಾಲ್ಕರಲ್ಲೂ ಇದ್ದರು. ಅದರಲ್ಲಿ ಚೆಕಾಫ್‌ನ 'ತ್ರೀ ಸಿಸ್ಟರ್ಸ್' ಬಗ್ಗೆ ಬರೆದವರೆಲ್ಲ ಇವತ್ತಿಗೂ ಕೈ ಮುಗಿದೇ ಬರೆಯುತ್ತಾರೆ.

ಮದುವೆಗಳು ಮೂರು, ಮೂರೂ ಮುರಿದವು. ಮೂರನೆಯದರಲ್ಲಿ ಇಬ್ಬರು ಮಕ್ಕಳು. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಅಲ್ಲಿಗೆ ಹೋಗುವುದಿಲ್ಲ. ಎರಡನೇ ಮಹಾಯುದ್ಧದ ನಂತರದ ಹತ್ತು ವರ್ಷಗಳಲ್ಲಿ ಅವರು ಹಿಡಿದ ಪಾತ್ರಗಳ ಎತ್ತರ ನೋಡಿದರೆ ಬೆರಗಾಗುತ್ತದೆ. 1949ರಲ್ಲಿ 'ದಿ ಏರೆಸ್'. ಅಪ್ಪನ ತಾತ್ಸಾರದಲ್ಲಿ ಬೆಳೆದು, ಹಣಕ್ಕಾಗಿ ಬಂದ ಹುಡುಗನನ್ನು ಕೊನೆಗೆ ಬಾಗಿಲ ಹೊರಗೇ ನಿಲ್ಲಿಸುವ ಮಗಳು. 1952ರಲ್ಲಿ ರ‍್ಯಾಟಿಗನ್‌ರ 'ದಿ ಡೀಪ್ ಬ್ಲೂ ಸೀ'. ಜಡ್ಜ್ ಗಂಡನನ್ನು ಬಿಟ್ಟು ಬಂದು, ತಾನು ಪ್ರೀತಿಸಿದಷ್ಟು ತನ್ನನ್ನು ಪ್ರೀತಿಸಲಾಗದವನ ಜೊತೆ ಬಾಡಿಗೆ ಮನೆಯಲ್ಲಿ ಬದುಕುವ ಹೆಸ್ಟರ್. 1953ರಲ್ಲಿ ಶೇಕ್ಸ್‌ಪಿಯರ್‌ನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಕ್ಲಿಯೋಪಾತ್ರ, ಎದುರಿಗೆ ಆಂಟನಿಯಾಗಿ ಮೈಕೆಲ್ ರೆಡ್‌ಗ್ರೇವ್. ಆ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. 1954ರಲ್ಲಿ ಇಬ್ಸನ್‌ನ 'ಹೆಡ್ಡಾ ಗ್ಯಾಬ್ಲರ್'. ಇಬ್ಸನ್‌ನ ದೇಶ ನಾರ್ವೆಗೇ ಅದನ್ನು ತೆಗೆದುಕೊಂಡು ಹೋಗಿ ಆಡಿದರು. ಅಲ್ಲಿನ ದೊರೆ ಚಿನ್ನದ ಪದಕ ಕೊಟ್ಟು ಗೌರವಿಸಿದರು. 1956ರಲ್ಲಿ ಸ್ವಂತ ದೇಶ, ಗಂಡಸರ 'ಸರ್' ಪದವಿಗೆ ಸಮನಾದ 'ಡೇಮ್' ಪದವಿ ಕೊಟ್ಟಿತು. 1962ರಲ್ಲಿ ಹುಟ್ಟೂರು ಕ್ರಾಯ್ಡನ್ ತನ್ನ ಹೊಸ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿತು. ಅವರು ಇನ್ನೂ ಕೆಲಸ ಮಾಡುತ್ತಿರುವಾಗಲೇ.

ಹಂಬಲಿಸಿದ ತಂಡ ಸಿಕ್ಕಿದ್ದು 1960ರ ನಂತರ. ಪೀಟರ್ ಹಾಲ್ ಎಂಬ ಮೂವತ್ತು ತುಂಬದ ಹುಡುಗ ಸ್ಟ್ರಾಟ್‌ಫರ್ಡ್‌ನ ರಂಗಮಂದಿರದ ಹೊಣೆ ಹೊತ್ತುಕೊಂಡ. ಖಾಯಂ ತಂಡ ಕಟ್ಟುತ್ತೇನೆ, ಬರುತ್ತೀರಾ ಅಂತ ಪೆಗ್ಗಿಯನ್ನು ಕೇಳಿದ. ಆಗ ಅವರಿಗೆ ಐವತ್ತು ದಾಟಿದೆ, ದೇಶದಲ್ಲಿ ದೊಡ್ಡ ಹೆಸರು. ಅವರು ಹೂಂ ಅಂದರು. ಅದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಆಯಿತು. ಹಿರಿಯರೊಬ್ಬರು ನಂಬಿ ಬಂದು ಕೂತರೆ ಹೊಸ ಮನೆಗೆ ಹೇಗೆ ಒಂದು ಬಲ ಬರುತ್ತದೋ, ಪೆಗ್ಗಿ ಬಂದದ್ದರಿಂದ ಆ ಕಂಪನಿಗೆ ಅಂಥ ಬಲ ಬಂತು.

ಆ ಕಂಪನಿಯ 1963ರ 'ದಿ ವಾರ್ಸ್ ಆಫ್ ದಿ ರೋಸಸ್' ನಮ್ಮ ಪುಣ್ಯಕ್ಕೆ ಉಳಿದಿದೆ. ಶೇಕ್ಸ್‌ಪಿಯರ್‌ನ ಆರನೇ ಹೆನ್ರಿಯ ಮೂರು ನಾಟಕಗಳನ್ನೂ ಮೂರನೇ ರಿಚರ್ಡ್‌ನ ನಾಟಕವನ್ನೂ ಸೇರಿಸಿ, ಜಾನ್ ಬಾರ್ಟನ್ ಅದನ್ನು ಮೂರು ನಾಟಕಗಳಾಗಿ ಕಟ್ಟಿದರು. ಬಿಬಿಸಿಯವರು ಅದನ್ನು ರಂಗಮಂದಿರದಲ್ಲೇ ಚಿತ್ರೀಕರಿಸಿ 1965ರಲ್ಲಿ ತೋರಿಸಿದರು. ಪೆಗ್ಗಿಯದು ಮಾರ್ಗರೆಟ್ ರಾಣಿ. ಫ್ರಾನ್ಸಿನಿಂದ ಮದುವೆಯಾಗಿ ಬರುವ ಹುಡುಗಿ, ದುರ್ಬಲ ಗಂಡನ ಹೆಂಡತಿ, ದಂಡು ಕಟ್ಟುವ ರಾಣಿ, ಎಲ್ಲ ಕಳೆದುಕೊಂಡು ಅರಮನೆಯಲ್ಲಿ ಶಾಪ ಹಾಕುತ್ತಾ ಅಲೆಯುವ ಮುದುಕಿ. ಇಷ್ಟನ್ನೂ ಐವತ್ತೈದರ ಒಬ್ಬಳೇ ನಟಿ ಮಾಡಿದ್ದು. ಕೆಲವು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಮೂರೂ ನಾಟಕಗಳನ್ನು ಒಟ್ಟಿಗೆ ಆಡುತ್ತಿದ್ದರು. ಬೆಳಿಗ್ಗೆ ಮದುವೆ ಹೆಣ್ಣು, ರಾತ್ರಿ ಊರುಗೋಲಿನ ವಯಸ್ಸು.

ಅದರಲ್ಲಿ ಯಾರ್ಕ್ ದೊರೆಯನ್ನು ಕೊಲ್ಲುವ ದೃಶ್ಯ ಇದೆ. ಯಾರ್ಕ್ ಸೆರೆ ಸಿಕ್ಕಿದ್ದಾನೆ. ಮಾರ್ಗರೆಟ್ ಅವನನ್ನು ಒಂದು ಮಣ್ಣಿನ ಗುಡ್ಡೆ ಮೇಲೆ ನಿಲ್ಲಿಸುತ್ತಾಳೆ. ಅವನ ಚಿಕ್ಕ ಮಗನನ್ನು ಆಗಲೇ ಕೊಂದಾಗಿದೆ. ಆ ಹುಡುಗನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಅಪ್ಪನಿಗೆ ಕೊಡುತ್ತಾಳೆ, ಕಣ್ಣೀರು ಒರೆಸಿಕೋ ಅಂತ. ರಾಜ ಆಗಬೇಕು ಅಂದೆಯಲ್ಲ ಅಂತ ತಲೆಗೆ ಕಾಗದದ ಕಿರೀಟ ಇಡುತ್ತಾಳೆ. ಓದುವಾಗ ಇದು ರಾಕ್ಷಸಿಯ ದೃಶ್ಯ. ಪೆಗ್ಗಿ ಮಾಡಿದಾಗ ಹಾಗೆ ಕಾಣುವುದಿಲ್ಲ. ಅವಳು ನಗುತ್ತಾಳೆ. ಆ ನಗು ಎಲ್ಲಿ ಮುಗಿದು ಎಲ್ಲಿ ಅಳು ಶುರುವಾಗುತ್ತದೆ ಅಂತ ಹೇಳಲಾಗುವುದಿಲ್ಲ. ಹೆಣ್ಣಿನ ತೊಗಲು ಹೊದ್ದ ಹುಲಿಯ ಎದೆ ಅಂತ ಯಾರ್ಕ್ ಬೈಯುವಾಗ ಅವಳು ಕೇಳಿಸಿಕೊಳ್ಳುವ ರೀತಿ ನೋಡಬೇಕು. ಮುಂದೆ ಅವಳ ಸ್ವಂತ ಮಗನನ್ನೂ ಅವಳ ಕಣ್ಣೆದುರೇ ಇರಿದು ಕೊಲ್ಲುತ್ತಾರೆ. ನನಗೆ ಅವಳ ಮೇಲೆ ಸಿಟ್ಟು ಉಳಿಯಲೇ ಇಲ್ಲ. ಯುದ್ಧ ಒಬ್ಬ ಮನುಷ್ಯಳನ್ನು ಒಳಗಿನಿಂದ ತಿಂದು ಹಾಕುವುದನ್ನು ನಾನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಿಲ್ಲ.

ಹನ್ನೆರಡು ವರ್ಷ ಆದ ಮೇಲೆ, 1975ರಲ್ಲಿ, ಇದಕ್ಕೆ ಪೂರ್ತಿ ವಿರುದ್ಧವಾದ ಕೆಲಸ. ಬೆಕೆಟ್‌ನ 'ಹ್ಯಾಪಿ ಡೇಸ್'. ವಿನ್ನಿ ಎಂಬ ಹೆಂಗಸು ಸೊಂಟದವರೆಗೆ ಮಣ್ಣಿನಲ್ಲಿ ಹೂತು ಹೋಗಿದ್ದಾಳೆ. ಕೈಚೀಲದಿಂದ ಹಲ್ಲುಜ್ಜುವ ಬ್ರಷ್ಷು, ಕನ್ನಡಿ ತೆಗೆದು ಇಟ್ಟು, ಮಾತಾಡಿಕೊಂಡು ದಿನ ಕಳೆಯುತ್ತಾಳೆ. ಎರಡನೇ ಅಂಕದಲ್ಲಿ ಮಣ್ಣು ಕುತ್ತಿಗೆವರೆಗೆ ಬಂದಿದೆ. ಈಗ ಕೈಯೂ ಇಲ್ಲ, ತಲೆ ತಿರುಗಿಸಲೂ ಆಗದು. ಕಣ್ಣು ಮತ್ತು ಧ್ವನಿ ಮಾತ್ರ. ಆಗ ಪೆಗ್ಗಿಗೆ 67. ಕಣ್ಣು ಮತ್ತು ಧ್ವನಿ ಬಿಟ್ಟು ಬೇರೆಲ್ಲವನ್ನೂ ಕಿತ್ತುಕೊಂಡರೂ ನಟಿ ಉಳಿಯುತ್ತಾಳೆ ಅಂತ ಅವರು ಅಲ್ಲಿ ತೋರಿಸಿದರು. 1981ರಲ್ಲಿ ಟ್ರೆವರ್ ನನ್ ನಿರ್ದೇಶನದ 'ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್'ನಲ್ಲಿ ಕೌಂಟೆಸ್ ಪಾತ್ರ ಮಾಡಿದರು. ರಂಗದ ಮೇಲೆ ಅದೇ ಕೊನೆಯ ಪಾತ್ರ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹೊರ ಜಗತ್ತಿನ ಬಹುಪಾಲು ಜನರಿಗೆ ಅವರ ಪರಿಚಯ ಆದದ್ದೇ ಆಮೇಲೆ.

ಅದಕ್ಕೆ ಕಾರಣ ಭಾರತದ ಎರಡು ಕಥೆಗಳು. ಮೊದಲನೆಯದು 'ದಿ ಜ್ಯುವೆಲ್ ಇನ್ ದಿ ಕ್ರೌನ್' ಧಾರಾವಾಹಿ, 14 ಕಂತು. ಉದಯಪುರ, ಶಿಮ್ಲಾ ಕಡೆ ಚಿತ್ರೀಕರಣವಾಗಿ, 1984ರ ಆರಂಭದಲ್ಲಿ ಇಂಗ್ಲೆಂಡಿನ ಟೀವಿಯಲ್ಲಿ ಬಂತು. ಅದರಲ್ಲಿ ಅವರು ಬಾರ್ಬಿ ಬ್ಯಾಚಲರ್, ಮಿಷನ್ ಶಾಲೆಯಿಂದ ನಿವೃತ್ತಳಾದ ಟೀಚರ್. ವಿಪರೀತ ಮಾತು. ಮೇಮ್‌ಸಾಹೇಬರುಗಳಿಗೆ ಅವಳು ಕಾಲ ಕಸ. ಇಷ್ಟು ವರ್ಷ ಮಕ್ಕಳನ್ನು ದೇವರ ಕಡೆ ಕರೆದೊಯ್ದೆ ಅಂದುಕೊಂಡದ್ದು ನಿಜವಾ, ದೇವರು ತನ್ನ ಮಾತು ಕೇಳಿಸಿಕೊಂಡನಾ ಅನ್ನುವ ಅನುಮಾನ ಅವಳನ್ನು ತಿನ್ನುತ್ತದೆ. ಅಷ್ಟು ಮಾತಿನ ಹೆಂಗಸು ಕೊನೆಗೆ ಆಸ್ಪತ್ರೆಯಲ್ಲಿ ಮೌನಕ್ಕೆ ಬರುತ್ತಾಳೆ.

ಎರಡನೆಯದು ನಮ್ಮ ಬೆಟ್ಟದ ಕಥೆ. ಚಿತ್ರಕ್ಕೆ ಮೂಲವಾದ, ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್‌ನ ಕಾದಂಬರಿ 1924ರದು. ಅದನ್ನು 1960ರಲ್ಲಿ ನಾಟಕ ಮಾಡಿದವರು ಶಾಂತಾ ರಾಮರಾವ್, ದಕ್ಷಿಣ ಕನ್ನಡ ಮೂಲದ ಬೆನಗಲ್ ರಾಮರಾಯರ ಮಗಳು. ಲೀನ್ ತಮ್ಮ ಚಿತ್ರಕ್ಕೆ ಆ ನಾಟಕವನ್ನೂ ಆಧಾರವಾಗಿ ಇಟ್ಟುಕೊಂಡರು. ಕಥೆಯ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಲೀನ್‌ಗೆ ಪರದೆ ತುಂಬುವ ಬಂಡೆ ಬೇಕಿತ್ತು. ಅದು ಸಿಕ್ಕಿದ್ದು ಸಾವನದುರ್ಗದಲ್ಲಿ ಮತ್ತು ರಾಮನಗರದ ರಾಮದೇವರ ಬೆಟ್ಟದಲ್ಲಿ. 'ಶೋಲೆ'ಯ ಗಬ್ಬರ್ ಸಿಂಗ್ ಓಡಾಡಿದ ಕಲ್ಲುಗಳ ಮೇಲೆ ಹತ್ತು ವರ್ಷದ ನಂತರ ಇಂಗ್ಲೆಂಡಿನ ಡೇಮ್ ಒಬ್ಬರು ಬಂದರು. ಕಥೆಯ ಚಂದ್ರಾಪುರದ ಬಜಾರು ಎದ್ದದ್ದು ಬೆಂಗಳೂರು ಅರಮನೆ ಮೈದಾನದಲ್ಲಿ.

ಲೀನ್ ಪಾತ್ರಕ್ಕೆ ಕರೆದಾಗ ಪೆಗ್ಗಿ, ಮಿಸ್ಟರ್ ಲೀನ್, ನನಗೆ ಎಪ್ಪತ್ತೈದು ವರ್ಷ ಅಂದರಂತೆ. ನನಗೂ ಅಷ್ಟೇ ಅಂದರಂತೆ ಲೀನ್. ಇಬ್ಬರೂ ಹುಟ್ಟಿದ್ದು ಬರೀ ಮೂರು ತಿಂಗಳ ಅಂತರದಲ್ಲಿ. ಎಪ್ಪತ್ತಾರರ ಹೊತ್ತಿಗೆ ಅವರು ನಮ್ಮ ಬಿಸಿಲಿನಲ್ಲಿ ಅಂಬಾರಿಯಲ್ಲಿ ಕೂತು ಆನೆ ಮೇಲೆ ಬಂಡೆಯ ಕಡೆ ಬರುತ್ತಿದ್ದರು.

ಚಿತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಮಸೀದಿಯ ದೃಶ್ಯ. ರಾತ್ರಿ ಮಿಸೆಸ್ ಮೂರ್ ಒಬ್ಬರೇ ಮಸೀದಿಗೆ ಹೋಗುತ್ತಾರೆ. ಕತ್ತಲಲ್ಲಿ ಕೂತಿದ್ದ ಅಜೀಜ್ ಗದರುತ್ತಾನೆ, ಇದು ಮಸೀದಿ, ಚಪ್ಪಲಿ ಬಿಡಬೇಕಿತ್ತು ಅಂತ. ಬಿಟ್ಟಿದ್ದೇನೆ ಅನ್ನುತ್ತಾರೆ. ಇಲ್ಲಿ ದೇವರಿದ್ದಾನೆ ಅನ್ನುತ್ತಾರೆ. ಅವನ ಮುಖ ಬದಲಾಗುತ್ತದೆ. ಪೆಗ್ಗಿ ಆ ಮಾತನ್ನು ಉಪದೇಶದ ಹಾಗೆ ಹೇಳುವುದಿಲ್ಲ. ಮನೆಯೊಳಗೆ ಬಂದವರು ಮಗು ಮಲಗಿದೆ ಅಂತ ಮೆಲ್ಲಗೆ ಹೇಳುತ್ತಾರಲ್ಲ, ಆ ಥರ ಹೇಳುತ್ತಾರೆ. ಅಲ್ಲಿ ಅಷ್ಟು ಗಟ್ಟಿ ಇದ್ದ ನಂಬಿಕೆ ಗುಹೆಯ ಪ್ರತಿಧ್ವನಿಗೆ ಅಲುಗಾಡುತ್ತದೆ. ಅದಕ್ಕೇ ಆ ಕುರ್ಚಿಯ ದೃಶ್ಯ ಅಷ್ಟು ತಟ್ಟುವುದು. ಹೊರಗೆ ಒಬ್ಬ ಮುದುಕಿ ಸುಧಾರಿಸಿಕೊಳ್ಳುತ್ತಿದ್ದಾಳೆ, ಜೊತೆಯವರಿಗೆ ಗಾಬರಿ ಆಗಬಾರದು ಅಂತ ಸಮಾಧಾನದ ಮಾತಾಡುತ್ತಾಳೆ. ಒಳಗೆ ಜೀವನಪೂರ್ತಿ ಹಿಡಿದುಕೊಂಡಿದ್ದ ಒಂದು ಹಗ್ಗ ಕೈ ಬಿಟ್ಟು ಹೋಗಿದೆ. ಬಾರ್ಬಿ ಎಷ್ಟೋ ಮಾತಿನಲ್ಲಿ ಹೇಳಿದ್ದನ್ನು ಮಿಸೆಸ್ ಮೂರ್ ಸುಮ್ಮನೆ ಕೂತು ಹೇಳಿದರು.

ಆದರೆ ಇದೇ ಚಿತ್ರದಲ್ಲಿ ಒಂದು ಮುಳ್ಳಿದೆ, ಹೇಳದೆ ಬಿಡಲಾರೆ. ಗೋಡ್‌ಬೋಲೆ ಎಂಬ ಬ್ರಾಹ್ಮಣ ಪ್ರೊಫೆಸರ್ ಪಾತ್ರವನ್ನು ಅಲೆಕ್ ಗಿನ್ನೆಸ್ ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡು ಮಾಡಿದ್ದಾರೆ. ಗಿನ್ನೆಸ್ ಎಷ್ಟು ದೊಡ್ಡ ನಟ ಅಂತ ನನಗೆ ಗೊತ್ತು. ಆದರೂ ನೋಡಲು ಕಷ್ಟವಾಯಿತು. ಅಜೀಜ್ ಪಾತ್ರಕ್ಕೆ ವಿಕ್ಟರ್ ಬ್ಯಾನರ್ಜಿ ಇದ್ದಾರೆ, ಸಯೀದ್ ಜಾಫ್ರಿ, ರೋಶನ್ ಸೇಠ್ ಇದ್ದಾರೆ. ಗೋಡ್‌ಬೋಲೆಗೆ ಒಬ್ಬ ಭಾರತೀಯ ನಟ ಸಿಗುತ್ತಿರಲಿಲ್ಲವಾ? 1930ರಲ್ಲಿ ಪಾಲ್ ರೋಬ್ಸನ್ ಪಕ್ಕ ನಿಂತು ಬೈಸಿಕೊಂಡ ಹುಡುಗಿ, 54 ವರ್ಷ ಆದ ಮೇಲೂ ಬಣ್ಣ ಬಳಿದ ಮುಖದ ಜೊತೆ ಒಂದೇ ಚಿತ್ರದಲ್ಲಿ ಇರಬೇಕಾಯಿತು.

1985ರ ಮಾರ್ಚ್ 25ರಂದು ಆ ಪಾತ್ರಕ್ಕೆ ಪೆಗ್ಗಿಗೆ ಉತ್ತಮ ಪೋಷಕ ನಟಿ ಆಸ್ಕರ್ ಬಂತು. 77 ವರ್ಷ. ಆ ವಿಭಾಗದಲ್ಲಿ ಅಷ್ಟು ವಯಸ್ಸಿಗೆ ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಅವರು ಅಲ್ಲಿಗೆ ಹೋಗಲಿಲ್ಲ. ನಾಲ್ಕು ದಿನದ ಹಿಂದೆ ಮೈಕೆಲ್ ರೆಡ್‌ಗ್ರೇವ್ ತೀರಿಕೊಂಡಿದ್ದರು, ಅವರ ಆಂಟನಿ. ಪೆಗ್ಗಿ ಅವರ ಅಂತ್ಯಕ್ರಿಯೆಗೆಂದು ಇಂಗ್ಲೆಂಡಿನಲ್ಲೇ ಉಳಿದರು. ಆಸ್ಕರ್ ಅನ್ನು ಅವರ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ತೆಗೆದುಕೊಂಡರು. ಈ ಸಂಗತಿ ಓದಿದ ದಿನ ನಾನು ಸ್ವಲ್ಪ ಹೊತ್ತು ಬೇರೆ ಏನನ್ನೂ ಓದಲಿಲ್ಲ. ಜೊತೆಗೆ ಬಣ್ಣ ಹಚ್ಚಿದವನನ್ನು ಕಳಿಸಿಕೊಡುವುದು ಅವರಿಗೆ ಮೊದಲು.

ಕೆಲಸ ಅದಾದ ಮೇಲೂ ನಿಲ್ಲಲಿಲ್ಲ. 1989ರಲ್ಲಿ 'ಶೀಸ್ ಬೀನ್ ಅವೇ' ಎಂಬ ಚಿತ್ರ ಬಂತು. ಅರವತ್ತು ವರ್ಷ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದ್ದ ಹೆಂಗಸು ಹೊರಗೆ ಬರುವ ಕಥೆ. ನಿರ್ದೇಶನ ಅದೇ ಪೀಟರ್ ಹಾಲ್. ಅದರಲ್ಲಿ ಮಾತು ತುಂಬಾ ಕಡಿಮೆ. ವೆನಿಸ್ ಚಿತ್ರೋತ್ಸವದಲ್ಲಿ ಅವರಿಗೂ ಜೊತೆಯ ನಟಿ ಜೆರಾಲ್ಡಿನ್ ಜೇಮ್ಸ್‌ಗೂ ಒಟ್ಟಿಗೇ ಉತ್ತಮ ನಟಿ ಪ್ರಶಸ್ತಿ ಕೊಟ್ಟರು. 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರ ಚಿತಾಭಸ್ಮವನ್ನು ಚೆಲ್ಲಿದ್ದು ಸ್ಟ್ರಾಟ್‌ಫರ್ಡ್‌ನಲ್ಲಿ, ಶೇಕ್ಸ್‌ಪಿಯರ್ ತನ್ನ ಕೊನೆಗಾಲ ಕಳೆದ ನ್ಯೂ ಪ್ಲೇಸ್‌ನ ತೋಟದಲ್ಲಿ. ಆ ಮನೆ ಈಗಿಲ್ಲ. ಅಲ್ಲಿ ಶೇಕ್ಸ್‌ಪಿಯರ್ ಕೈಯಾರೆ ನೆಟ್ಟದ್ದು ಅಂತ ಜನ ನಂಬಿದ್ದ ಒಂದು ಹಿಪ್ಪುನೇರಳೆ ಮರ ಇತ್ತು. ಹದಿನೆಂಟನೇ ಶತಮಾನದಲ್ಲಿ ಮನೆ ಕೊಂಡ ಪಾದ್ರಿ, ನೋಡಲು ಬರುವವರ ಕಾಟಕ್ಕೆ ಬೇಸತ್ತು ಅದನ್ನು ಕಡಿಸಿಬಿಟ್ಟರು. ಕೊನೆಗೆ ಮನೆಯನ್ನೂ ಕೆಡವಿಸಿದರು. 1969ರಲ್ಲಿ ಪೆಗ್ಗಿ ಅದೇ ತೋಟದಲ್ಲಿ ಒಂದು ಹಿಪ್ಪುನೇರಳೆ ನೆಟ್ಟಿದ್ದರು. ಅದರ ಬುಡದಲ್ಲೇ ಅವರ ಬೂದಿ ಸೇರಿತು.

ಹೋದ ತಿಂಗಳು ಊರಿಗೆ ಹೋದಾಗ ಇದನ್ನು ಮಾವನಿಗೆ ಹೇಳಿದೆ. ಅಜ್ಜಿಯ ಉಳಿದ ಕಥೆಯೆಲ್ಲ ಸುಮ್ಮನೆ ಕೇಳಿಸಿಕೊಂಡವರು ಹಿಪ್ಪುನೇರಳೆ ಅಂದ ಕೂಡಲೇ ತಲೆ ಎತ್ತಿದರು.

"ಕಡ್ಡಿ ನೆಟ್ರಾ, ಸಸಿ ನೆಟ್ರಾ?"

"ಅಲ್ಲಿ ಯಾರೂ ಹುಳು ಸಾಕಲ್ಲ ಮಾವ. ಕಟಾವು ಮಾಡೋದೂ ಇಲ್ಲ. ಮರ ಆಗಲಿ ಅಂತ ಬಿಟ್ಟಿದಾರೆ."

ಮಾವ ಸ್ವಲ್ಪ ಹೊತ್ತು ಹೊರಗೆ ನೋಡಿದರು. ಅವರ ತೋಟದ ಗಿಡಗಳೆಲ್ಲ ಸೊಂಟದೆತ್ತರ. ಪ್ರತಿ ಬೆಳೆಗೂ ಕತ್ತರಿಸಿ ಕತ್ತರಿಸಿ ಹಾಗೇ ಇಟ್ಟದ್ದು.

"ಕಡೀದೆ ಬಿಟ್ರೆ ದೊಡ್ಡ ಮರ ಆಗುತ್ತೆ ಕಣಪ್ಪ ಅದು" ಅಂದರು. "ಕೆಳಗೆ ಕೂತ್ರೆ ಒಳ್ಳೆ ನೆರಳು."

ಆಮೇಲೆ ಟಾರ್ಚ್ ತೆಗೆದುಕೊಂಡು ಹುಳುಮನೆ ಕಡೆ ನಡೆದರು. ಸೊಪ್ಪು ಹಾಕುವ ಹೊತ್ತಾಗಿತ್ತು.